ಮಾವನವರ ಕಾಲ್ಗುಣ

ಮುನವಳ್ಳಿಯಿಂದ ನಾನು ಬೈಲಹೊಂಗಲದ ಬಳಿಯ ಗೌಡರ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಅವರದೊಂದು ಎತ್ತು ಸತ್ತಿತು. ಅದಕ್ಕೆ ವಯಸ್ಸಾಗಿತ್ತು, ಹಲ್ಲು ಸವೆದಿದ್ದವು, ದೀಪಾವಳಿಯಿಂದಲೇ ಮೇವು ಬಿಟ್ಟಿತ್ತು ಎಂದು ಆಳುಗಳು ಆಮೇಲೆ ಹೇಳಿದರು. ಆದರೆ ಪುಣ್ಯಾತ್ಮ ಎತ್ತು ನಾನು ಬರುವವರೆಗೆ ಜೀವ ಹಿಡಿದುಕೊಂಡಿತ್ತು. ಅತ್ತೆ ಸತ್ತ ಎತ್ತನ್ನು ಒಮ್ಮೆ ನೋಡಿದರು, ನನ್ನ ಕಾಲನ್ನು ಎರಡು ಸಲ ನೋಡಿದರು.

“ಕಾಲ್ಗುಣ,” ಅಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಆ ಬರೆ ನನಗೆ ಬಿತ್ತು. ಹೊಸ ಎತ್ತು ಬಂದ ದಿನ ಅದಕ್ಕೆ ಆರತಿ ಮಾಡಲು ಪಕ್ಕದ ಮನೆಯ ಸೊಸೆಯನ್ನು ಕರೆದರು. ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದರು. ನಾನು ಬಾಗಿಲ ಸಂದಿನಿಂದ ನೋಡಿದೆ. ಎತ್ತೇನೋ ಚೆನ್ನಾಗಿತ್ತು, ಆರತಿ ಎತ್ತಿದವಳು ಮಾತ್ರ ಅದರ ಕೊಂಬಿಗೆ ಹೆದರಿ ದೂರದಿಂದಲೇ ತಟ್ಟೆ ತಿರುಗಿಸಿದಳು. ನಾನಾಗಿದ್ದರೆ ಇದಕ್ಕಿಂತ ಚೆನ್ನಾಗಿ ಎತ್ತುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಸುಮ್ಮನಿರುತ್ತಿದ್ದೆನೇನೋ. ಎಳ್ಳಮಾಸಿ ಹತ್ತಿರ ಬಂತು. ನಮ್ಮ ಕಡೆ ಆ ಅಮಾವಾಸ್ಯೆಗೆ ಕಡಬು, ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ಬಂಡಿಯಲ್ಲಿ ಹೊಲಕ್ಕೆ ಹೋಗುತ್ತೇವೆ. ಬೆಳೆದು ನಿಂತ ಜೋಳಕ್ಕೆ, ಭೂಮಿತಾಯಿಗೆ ಮೊದಲ ತುತ್ತು ಚೆಲ್ಲುತ್ತೇವೆ. ಅದಕ್ಕೆ ಚರಗ ಅನ್ನುತ್ತಾರೆ. ತವರಿನಲ್ಲಿ ಚರಗ ಚೆಲ್ಲುವಾಗ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನಾನು.

“ನೀ ಮನೀ ಕಾಯವಾ,” ಅತ್ತೆ ಹೇಳಿದರು. “ಹೊಲಕ್ಕ ಕಾಲಿಡಬ್ಯಾಡ. ಬೆಳಿ ನಿಂತೈತಿ.”

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬೆಳೆ ನೋಡಲು ಬಿಡದ ಮನೆಯಲ್ಲಿ ನಾನು ಸೊಸೆಯೋ, ಬಾಗಿಲಿನ ಬೀಗವೋ? ಇವತ್ತು ಹೊಲ ಬೇಡ ಎಂದವರು ನಾಳೆ ಮನೆಯೂ ಬೇಡ ಎಂದು ಮುನವಳ್ಳಿಗೆ ಕಳಿಸಿದರೆ ಏನು ಗತಿ ಎಂಬ ಭಯ ಆ ಸಿಟ್ಟಿನ ಅಡಿಯಲ್ಲಿತ್ತು. ಗಂಡನಿಗೆ ಹೇಳಿದೆ. ಅವರು ತಾಯಿಯ ಎದುರು ಬಾಯಿ ಬಿಡುವವರಲ್ಲ. ಮಾವನವರಂತೂ ಅತ್ತೆಗಿಂತ ಒಂದು ಕೈ ಮೇಲು. ಬೆಕ್ಕು ಅಡ್ಡ ಬಂದರೆ ಕಚೇರಿಯ ಕೆಲಸ ಬಿಟ್ಟು ಮನೆಗೆ ತಿರುಗುವ ಗೌಡರು ಅವರು. “ಹಿರೇರು ಸುಮ್‌ಸುಮ್ಮನ ಹೇಳ್ಯಾರೇನು?” ಎಂದು ಮೀಸೆಯ ಮೇಲೆ ಕೈ ಹಾಕಿದರು.

ಆ ಚಳಿಗಾಲದಲ್ಲಿ ನಮ್ಮೂರ ಮಾವಿನ ತೋಪಿನಲ್ಲಿ ಇಂಗ್ರೇಜಿ ಸಾಹೇಬರ ಮುಕ್ಕಾಮು ಬಿದ್ದಿತ್ತು. ಬಿಳಿ ಡೇರೆಗಳು, ಕುದುರೆಗಳು, ಸಾಹೇಬರ ಹೆಂಡತಿಗೊಂದು ಬೆತ್ತದ ಕುರ್ಚಿ. ಎಳ್ಳಮಾಸಿಗೆ ಮುಂಚೆ ಅವರ ಹೊಸ ವರ್ಷ ಬರುತ್ತಿತ್ತು. ಅವತ್ತು ಸುತ್ತಲಿನ ಗೌಡರೆಲ್ಲ ನಿಂಬೆಹಣ್ಣು, ಹಾರ, ಬುಟ್ಟಿ ತುಂಬ ಪೇರಲ ಹಣ್ಣು ಹಿಡಿದು ಬಾಗಿ ಮುಜರೆ ಮಾಡಿ ಬರುವುದು ರೂಢಿ. ಎಲ್ಲರಿಗಿಂತ ಮೊದಲು ಡೇರೆಯ ಒಳಗೆ ಕಾಲಿಡುವವರು ತಾವೇ ಆಗಬೇಕೆಂದು ಮಾವನವರ ಹಟ. ಹೊತ್ತು ಮೂಡುವ ಮೊದಲೇ ದೊಡ್ಡ ರುಮಾಲು ಸುತ್ತಿ, ವಾಲೀಕಾರನ ತಲೆಯ ಮೇಲೆ ಬುಟ್ಟಿ ಹೊರಿಸಿ ಹೊರಟರು. ವಾಲೀಕಾರ ಅಂದರೆ ಊರ ಚಾಕರಿಯವನು, ಗೌಡರ ಹಿಂದೆ ನೆರಳಿನ ಹಾಗೆ ಇರುವವನು.

ಬಿಸಿಲೇರುವಾಗ ತಿರುಗಿ ಬಂದರು. ರುಮಾಲು ಓರೆಯಾಗಿತ್ತು. ನಿಂಬೆಹಣ್ಣು ಕೈಯಲ್ಲೇ ಇತ್ತು.

“ಯಾಕ್ರಿ, ಸಾಹೇಬ್ರಿಗೆ ಕೊಡಲಿಲ್ಲೇನ್ರಿ?” ಅತ್ತೆ ಕೇಳಿದರು.

ಮಾವನವರು ನಿಂಬೆಹಣ್ಣನ್ನು ಪಡಸಾಲೆಗೆ ಒಗೆದರು. ಅದು ಉರುಳಿ ಉರುಳಿ ಅಡುಗೆಮನೆಯ ಬಾಗಿಲಲ್ಲಿದ್ದ ನನ್ನ ಪಾದದ ಹತ್ತಿರ ಬಂದು ನಿಂತಿತು.

“ನನ್ನ ಕಾಲ್ಗುಣ ಚೊಲೋ ಇಲ್ಲಂತ!”

ನಡೆದದ್ದು ಏನೆಂದು ಬಿಡಿಸಿ ಹೇಳಿದವನು ವಾಲೀಕಾರ. ಹಿತ್ತಲಲ್ಲಿ ಮಜ್ಜಿಗೆ ಕೊಟ್ಟೆ. ಅವನು ಒಂದು ಗುಟುಕು ಕುಡಿದು ನಗುವನು, ಮತ್ತೊಂದು ಗುಟುಕು ಕುಡಿದು ನಗುವನು.

“ಗೌಡ್ರು ಕಾಲಾಗಿನ ಕಾಲ್ಮರಿ ಬಿಟ್ಟು ಡೇರೇದ ಮುಂದಿನ ಕಲ್ಲಿನ ಮ್ಯಾಲ ಕಾಲಿಟ್ರರಿ ಅವ್ವಾರ. ಇಬ್ಬನ್ಯಾಗ ತೊಯ್ದ ಕಾಲು, ರೊಟ್ಟಿ ತಟ್ಟಿದಂಗ ಪೂರಾ ಪಾದ ಮೂಡಿತ್ರಿ. ಮಡಮ್ ಸಾಹೇಬ್ರು ಅದನ್ನ ನೋಡಿದ್ರು, ಗೌಡ್ರ ಹುಬ್ಬ ನೋಡಿದ್ರು, ಕೈ ಅಡ್ಡ ಹಿಡದು ಚೀರಿದ್ರು ನೋಡ್ರಿ!”

ಪಕ್ಕದಲ್ಲಿದ್ದ ಕಾರಕೂನರು ಬೆವರುತ್ತ ಅರ್ಥ ಹೇಳಿದ್ದರಂತೆ. ಅವರ ಸೀಮೆಯಲ್ಲಿ ಹೊಸ ವರ್ಷದ ದಿನ ಹೊಸ್ತಿಲನ್ನು ಮೊದಲು ದಾಟುವವನು ಕಪ್ಪು ಕೂದಲಿನ ಗಂಡಸಾಗಿರಬೇಕು. ಅವನ ಕೈಯಲ್ಲಿ ಇದ್ದಲಿ, ಉಪ್ಪು, ರೊಟ್ಟಿ ಇರಬೇಕು. ಹಾಗಿದ್ದರೆ ವರ್ಷವಿಡೀ ಒಲೆ ಆರುವುದಿಲ್ಲ, ಊಟ ಕಡಿಮೆ ಬೀಳುವುದಿಲ್ಲ. ಹುಬ್ಬು ಕೂಡಿದವನು, ಚಪ್ಪಟೆ ಪಾದದವನು ಮೊದಲು ಬಂದರೆ ಆ ವರ್ಷ ಕೆಟ್ಟಂತೆಯೇ. ಮಾವನವರಿಗೆ ಹುಬ್ಬು ಕೂಡಿತ್ತು, ಪಾದ ಚಪ್ಪಟೆ, ಮೀಸೆ ಬೆಳ್ಳಗಾಗಿತ್ತು. ಒಂದಾದರೂ ತಪ್ಪಬಾರದೇ!

“ಆಮ್ಯಾಲ?”

“ಆಮ್ಯಾಲ ಕರಿಗೂದಲಾಂವಂತ ನನ್ನ ಕರದ್ರರಿ. ಬುಟ್ಟಿ ಇಳಿಸಿ, ಕೈಯಾಗ ಇದ್ದಲಿ, ಉಪ್ಪು, ಡಬಲ್ ರೊಟ್ಟಿ ಕೊಟ್ಟು ಒಳಗ ಹೊಗಿಸಿದ್ರು. ಸಾಹೇಬ್ರು ನನ್ನ ಕೈ ಹಿಡದು ಅಲ್ಲಾಡಿಸಿದ್ರರಿ! ಗೌಡ್ರು ಹೊರಗ ನಿಂತಿದ್ರು, ಪಾಪ. ಮಡಮ್ ಸಾಹೇಬ್ರು ಹೊರಗ ಬಂದು ಚಾ ಕೊಟ್ರು ಖರೆ, ಕುಡೀಲಿಲ್ಲರಿ.”

ಏಳು ಸಮುದ್ರದ ಆಚೆಯೂ ಕಾಲ್ಗುಣ ಇದೆ, ಅಲ್ಲಿ ಗಂಡಸರ ಕಾಲನ್ನೂ ನೋಡುತ್ತಾರೆ ಎಂದು ಕೇಳಿ ನನಗೆ ಹೋಳಿಗೆ ತಿಂದಷ್ಟು ಖುಷಿಯಾಯಿತು. ಹೆಂಗಸು ಮೊದಲು ಹೊಕ್ಕರೆ ಅಲ್ಲಿಯೂ ಅಪಶಕುನವೇ ಎಂದು ಅವನು ಮಾತು ಮುಗಿಸಿದಾಗ ಆ ಖುಷಿ ಅರ್ಧವಾಯಿತು. ಉಳಿದ ಅರ್ಧವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದೆ.

ಮಾವನವರು ಇನ್ನೂ ಕುದಿಯುತ್ತಿದ್ದರು. “ಕಾಲ ಏನ ಮಾಡ್ಯಾವು? ಅವ್ವ ಅಪ್ಪ ಕೊಟ್ಟ ಕಾಲು! ಈ ಕಾಲಲೇ ಊರಿಗೆ ಗೌಡಕಿ ಮಾಡೇನಿ. ನನ್ನ ಕಾಲಿಂದ ಯಾರ ಮನಿ ಹಾಳಾಗೈತಿ, ಹೇಳ!”

ಕಾಲು ತೊಳೆಯಲು ತಂದ ನೀರಿನ ತಂಬಿಗೆಯನ್ನು ಇಡುತ್ತ ನಾನೇ ಅತ್ತೆಯ ಕಡೆ ತಿರುಗಿ, ಮಾವನವರಿಗೂ ಕೇಳುವ ಹಾಗೆ ಮೆಲ್ಲಗೆ ಹೇಳಿದೆ:

“ಮಾವನಾರು ಹೇಳೂದು ಖರೇ ಐತ್ರಿ ಅತ್ತಿ. ಕಾಲ ಪಾಪ ಏನ ಮಾಡ್ತಾವ್ರಿ?”

ಇವತ್ತೇ ಮುನವಳ್ಳಿ ಬಂಡಿ ಕಟ್ಟಿಸುತ್ತಾರೆ ಅಂದುಕೊಂಡೆ. ಮಾವನವರು ನನ್ನ ಪಾದ ನೋಡಿದರು. ಆಮೇಲೆ ತಮ್ಮ ಪಾದ ನೋಡಿಕೊಂಡರು. ತಂಬಿಗೆ ಎತ್ತಿಕೊಂಡು ಬಚ್ಚಲಿಗೆ ಹೋದವರು ಬಹಳ ಹೊತ್ತು ಕಾಲು ತೊಳೆದರು.

ಎಳ್ಳಮಾಸಿಯ ಬೆಳಿಗ್ಗೆ ಬಂಡಿ ಬಾಗಿಲಿಗೆ ಬಂತು. ಬುತ್ತಿಯೆಲ್ಲ ಏರಿಸಿ ಕೊಟ್ಟು ನಾನು ಹೊಸ್ತಿಲ ಒಳಗೆ ನಿಂತೆ.

“ಸೊಸಿ ಎಲ್ಲಿ?” ಮಾವನವರು ಬಂಡಿಯಿಂದಲೇ ಕೂಗಿದರು.

“ಮನೀ ಕಾಯತಾಳ್ರಿ,” ಅತ್ತೆ ಅಂದರು.

“ಮನಿಗೇನು ಕಾಲ ಬಂದಾವೇನು ಓಡಿ ಹೋಗಾಕ? ಹತ್ತಸು ಆಕಿನ್ನ.”

ಹೊಲದ ಬದುವಿನಲ್ಲಿ ಬಂಡಿ ನಿಂತಿತು. ಎಳೆಬಿಸಿಲು, ಎದೆಯೆತ್ತರ ಜೋಳ, ಕರಿಮಣ್ಣಿನ ವಾಸನೆ. ಎಲ್ಲರೂ ಇಳಿಯುವಷ್ಟರಲ್ಲಿ ಮಾವನವರು ಕೈ ಅಡ್ಡ ಹಿಡಿದರು.

“ಮೊದಲ ಆಕಿ ಹೋಗಲಿ.”

ಅತ್ತೆಯ ಮುಖ ಬಾಡಿತು. “ಬೆಳಿ ನಿಂತೈತ್ರಿ. ಏನಾರ ಹೆಚ್ಚುಕಡಿಮಿ ಆದ್ರ?”

“ಕೆಟ್ಟದ್ದಾದ್ರ ನನ್ನ ಕಾಲಿಂದ ಆತಂತ ಊರಿಗೆಲ್ಲ ಹೇಳು. ಸಾಹೇಬ್ರ ಕಾರಕೂನರು ಸಾಕ್ಷಿ ಅದಾರ.”

ನಾನು ಹೊಲದೊಳಗೆ ಕಾಲಿಟ್ಟೆ. ಮಣ್ಣು ತಣ್ಣಗಿತ್ತು. ಚರಗ ಚೆಲ್ಲುವಾಗ ಎಲ್ಲರಿಗಿಂತ ಜೋರಾಗಿ “ಹುಲ್ಲುಲ್ಲಿಗ್ಯೋ” ಅಂತ ಕೂಗಿದ್ದು ನಾನೇ. ಗೌಡರ ಸೊಸೆ ಹೀಗೆ ಕಿರುಚಬಹುದೇ ಎಂದು ಪಕ್ಕದ ಹೊಲದವರು ತಿರುಗಿ ನೋಡಿದರು. ಅವತ್ತಿನಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆ ವರ್ಷ ಜೋಳ ಎಂದಿನ ಹಾಗೆಯೇ ಬಂತು. ಆದರೆ ಸುಗ್ಗಿ ಮುಗಿದು ಬೇಸಿಗೆ ಬರುವಷ್ಟರಲ್ಲಿ ಹಯನಿದ್ದ ಎಮ್ಮೆಯೊಂದು ಹೊಟ್ಟೆ ಉಬ್ಬರಿಸಿ ಸತ್ತಿತು. ಅತ್ತೆಯ ಕಣ್ಣು ಹಳೆಯ ದಾರಿ ಹಿಡಿದು ನನ್ನ ಪಾದದ ಕಡೆ ಇಳಿಯತೊಡಗಿತು. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ ಮಾವನವರು ಒಮ್ಮೆ ಕೆಮ್ಮಿದರು. ತಮ್ಮ ಎರಡೂ ಚಪ್ಪಟೆ ಪಾದಗಳನ್ನು ಅತ್ತೆಯ ಮುಂದೆ ಉದ್ದಕ್ಕೆ ಚಾಚಿದರು.