ಸೋಂಕುನಾಶಕದ ಪೇಟೆಂಟೂ ಅಡುಗೆಮನೆಯ ಗೋಡೆಯೂ

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಪೇಟೆಂಟ್ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಒಮ್ಮೆ ಸೂರತ್‌ನ ಪಾಂಡೇಸರಾದಿಂದ ಒಬ್ಬ ಕಾಕಾ ಬಂದರು. ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲೇ ಆಯುಷ್ಯ ಸವೆಸಿದ ರಸಾಯನ ತಜ್ಞರು. ಎರಡು ಹಳೆಯ ರಾಸಾಯನಿಕಗಳನ್ನು ಬೆರೆಸಿ, ವಾಸನೆಯೇ ಇಲ್ಲದ ಸೋಂಕುನಾಶಕ ಮಾಡಿದ್ದರು.

"ಅರ್ಜಿ ಹಾಕುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡಿ" ಎಂದೆ. ಅದೇ ಉಸಿರಿನಲ್ಲಿ, ಪ್ರಯೋಗ ಮಾಡಿ ನೋಡಲು ಅವರನ್ನು ವಸ್ತ್ರಾಪುರದ ಉಡುಪಿ ಹೋಟೆಲಿಗೂ ಕಳಿಸಿದೆ. ನಾನು ದಿನಾ ಊಟ ಮಾಡುವ ಜಾಗ, ನಮ್ಮೂರ ಕಡೆಯವರೇ ಎಂಬ ಧೈರ್ಯ.

ಆರು ತಿಂಗಳ ನಂತರ ಅರ್ಜಿ ಹಾಕಿದೆವು. ಪರೀಕ್ಷಕರ ತಕರಾರು ಬಂತು: ಗೊತ್ತಿರುವ ಎರಡನ್ನು ಬೆರೆಸಿದ್ದು ಬಿಟ್ಟರೆ ಇದರಲ್ಲಿ ಹೊಸತೇನಿದೆ?

ನನ್ನನ್ನು ತಂಗಿ ಎಂಬರ್ಥದಲ್ಲಿ 'ಬೆನ್' ಎನ್ನುತ್ತಿದ್ದ ಕಾಕಾ ಕೆಂಡವಾದರು. "ಬೆನ್, ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಆ ಕೆಂಪು ಮೊದಲು ಯಾವುದರಲ್ಲಿತ್ತು?"

"ಅದನ್ನೇ ಪ್ರಯೋಗಾಲಯದಲ್ಲಿ ತೋರಿಸಬೇಕು ಕಾಕಾ" ಎಂದೆ. ವಡೋದರಾದ ಪ್ರಯೋಗಾಲಯದಲ್ಲಿ ಎರಡನ್ನೂ ಬೇರೆಬೇರೆಯಾಗಿ, ಆಮೇಲೆ ಒಟ್ಟಿಗೆ ಪರೀಕ್ಷೆ ಮಾಡಿಸಿದರು. ಒಟ್ಟಿಗೆ ಇದ್ದಾಗಲೇ ರೋಗಾಣುಗಳು ಬೇಗ ಸತ್ತಿದ್ದವು. ಗೆದ್ದೆವೆಂದೇ ನಾನು ಉತ್ತರ ಬರೆದೆ.

ಅಷ್ಟರಲ್ಲಿ ಎದುರಾಳಿ ಕಂಪನಿಯೊಂದು ಆಕ್ಷೇಪಣೆ ಸಲ್ಲಿಸಿತು. ಜೊತೆಗೊಂದು ಫೋಟೊ. ಹೋಟೆಲಿನ ಅಡುಗೆಮನೆ, ಗೋಡೆಯ ಮೇಲೊಂದು ಹಾಳೆ; ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂದು ದಪ್ಪ ಅಕ್ಷರದಲ್ಲಿ. ಕೆಲಸದವರು ತಪ್ಪಬಾರದೆಂದು ಕಾಕಾ ಬರೆದು ಅಂಟಿಸಿದ್ದರು. ತಮ್ಮ ಅಡುಗೆಮನೆ ಎಷ್ಟು ಸ್ವಚ್ಛ ಎಂದು ತೋರಿಸಲು ಹೋಟೆಲಿನವರು ಫೋಟೊವನ್ನು ಜಾಲತಾಣಕ್ಕೆ ಹಾಕಿದ್ದರು. ನಾವು ಅರ್ಜಿ ಹಾಕುವ ಮೊದಲೇ; ಹಾಗೆ ಬಹಿರಂಗವಾದದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ.

ಫೋಟೊ ಮಸುಕಾಗಿದೆ, ಪ್ರಮಾಣ ಓದಲಾಗುವುದಿಲ್ಲ ಎಂದು ವಾದ ಸಿದ್ಧಮಾಡಿಕೊಂಡೆ. ವಿಚಾರಣೆ ವಿಡಿಯೊದಲ್ಲಿ ನಡೆಯಿತು. ಅಧಿಕಾರಿ ಹಾಳೆಯ ಬಗ್ಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೆಮ್ಮೆಯಿಂದ, "ಹೌದು ಸಾಹೇಬ್, ಅಕ್ಷರ ನನ್ನದೇ. ದೂರದಿಂದಲೂ ಓದಬಹುದು!" ಎಂದರು.

ಅರ್ಜಿ ಬಿದ್ದುಹೋಯಿತು. ನಾನು ಕ್ಷಮೆ ಕೇಳಿದೆ. "ಕಳಿಸಿದ್ದು ನೀವು, ಅಂಟಿಸಿದ್ದು ನಾನು. ಲೆಕ್ಕ ಸರಿಹೋಯಿತು" ಎಂದು ಕಾಕಾ ನಕ್ಕರು.

ನಮ್ಮ ನಂತರ ಎದುರಾಳಿಯೂ ಇಂಥದ್ದೇ ಮಿಶ್ರಣಕ್ಕೆ ಅರ್ಜಿ ಹಾಕಿದ್ದು ಆಮೇಲೆ ತಿಳಿಯಿತು. ಅವರು ಕೊಟ್ಟಿದ್ದ ಅದೇ ಫೋಟೊ ಹಿಡಿದು ನಾವೂ ಆಕ್ಷೇಪಿಸಿದೆವು. ಅದೂ ಬಿತ್ತು. ಈಗ ಇಬ್ಬರೂ ಪೇಟೆಂಟಿಲ್ಲದೆ ಮಾರುತ್ತಿದ್ದಾರೆ.

ಮೊನ್ನೆ ಊಟಕ್ಕೆ ಹೋದಾಗ ಹೋಟೆಲಿನಲ್ಲಿ ಫಿನಾಯಿಲ್ ಘಾಟು. "ಕಾಕಾನದ್ದು ಬಿಟ್ಟಿರಾ?" ಎಂದು ಕೇಳಿದೆ.

"ಎಂತ ಮಾಡುದು ಮಾರಾಯ್ರೆ" ಎಂದರು ಮಾಲೀಕರು. "ವಾಸನೆ ಬಾರದಿದ್ರೆ ನೆಲ ಒರೆಸಿದ್ದು ಗಿರಾಕಿಗೆ ಗೊತ್ತೇ ಆಗುದಿಲ್ಲ."