ರೈಡ್ ಕೇಳದ ಗುರುಪಾದ ಅಂಕಲ್

ಬೀದಿಯಲ್ಲಿ ಯಾರಾದರೂ ಕಾರಿನ ಬಾಗಿಲು ಹಾಕಿದರೆ ಸಾಕು, ಗುರುಪಾದ ಅಂಕಲ್ ಮಾತು ನಿಲ್ಲಿಸಿಬಿಡುತ್ತಿದ್ದರು. ಚಹಾದ ಕಪ್ಪು ಬಾಯಿಯ ಹತ್ತಿರ ಹೋದದ್ದು ಅಲ್ಲೇ ತಡೆಯುತ್ತಿತ್ತು. ತಲೆ ಒಂದಿಷ್ಟು ಕಿಟಕಿಯ ಕಡೆ ವಾಲುತ್ತಿತ್ತು. "ಅರ್ಧಾ ಬಿತ್ತು," ಅನ್ನುತ್ತಿದ್ದರು. ನಾನು ಎದ್ದು ಕಿಟಕಿಯಲ್ಲಿ ಇಣುಕಿದರೆ, ಆ ಕಾರಿನವರು ನಿಜಕ್ಕೂ ವಾಪಸು ಬಂದು ಬಾಗಿಲು ತೆಗೆದು ಮತ್ತೊಮ್ಮೆ ಜೋರಾಗಿ ಹಾಕುತ್ತಿದ್ದರು. "ಹಾಂ, ಈಗ ಬಿತ್ತು ನೋಡು," ಎಂದು ಅಂಕಲ್ ಚಹಾ ಮುಂದುವರಿಸುತ್ತಿದ್ದರು.

ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ನ ಒಂದು ಕಾರ್ ಕಂಪನಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಅವರು ಮಾಡಿದ್ದು ಅದೊಂದೇ ಕೆಲಸ. ಎಂಜಿನ್ ಅಲ್ಲ, ಬ್ರೇಕ್ ಅಲ್ಲ, ಬಾಗಿಲು. ಅದು ಎಷ್ಟು ಸಲೀಸಾಗಿ ತೆರೆಯಬೇಕು, ಮುಚ್ಚಿದಾಗ ಎಂಥ ಸದ್ದು ಬರಬೇಕು ಎಂಬುದರ ಮೇಲೆ ಒಂದು ಜೀವಮಾನ. "ಮಂದಿ ಕಾರ್ ಓಡ್ಸಿ ನೋಡಿ ತಗೋತಾರಂತ ಮಾಡೀಯೇನು? ಬಾಗಲಾ ಹಾಕಿ ನೋಡಿ ತಗೋತಾರ, ತಂಗಿ," ಅನ್ನುತ್ತಿದ್ದರು. ನನ್ನ ಕಾರಿನ ಬಾಗಿಲನ್ನು ಮೊದಲ ಸಲ ಮುಚ್ಚಿ ನೋಡಿದ ದಿನ ಅವರ ಮುಖ ನೋಡಬೇಕಿತ್ತು. "ಇದು ಬಾಗಲಾ ಅಲ್ಲವಾ, ಬಿಸ್ಕೀಟ್ ಡಬ್ಬಿ ಮುಚ್ಚಳಾ!" ಇಂಥ ಮನುಷ್ಯನಿಗೆ ಸ್ವಂತ ಕಾರೇ ಇರಲಿಲ್ಲ. ಷಿಕಾಗೋದ ಬಸ್ಸುಗಳಲ್ಲಿ ಓಡಾಡುತ್ತಿದ್ದರು.

ಷಿಕಾಗೋದಲ್ಲಿ ಭಾರತೀಯ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹತ್ತು ನಿಮಿಷ ನಡೆದರೆ ಸಿಗುವ ಹಳೆಯ ಇಟ್ಟಿಗೆ ಕಟ್ಟಡದಲ್ಲಿ ಕೆಳಗಿನ ಮನೆ ಅವರದು, ಮೇಲಿನದು ನಮ್ಮದು. ನಾನೂ ಮಿಷಿಗನ್‌ನವಳೇ. ಹುಟ್ಟಿದ್ದು ಮೈಸೂರಾದರೂ ಮದುವೆಯಾಗಿ ಬಂದು ಸಂಸಾರ ಮಾಡಿದ್ದು, ಮಗಳನ್ನು ಬೆಳೆಸಿದ್ದು ಎಲ್ಲ ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಗಂಡನ ಕೆಲಸ ಬದಲಾಗಿ ಷಿಕಾಗೋಗೆ ಬಂದಾಗ ನನಗೆ ಅಳುವೇ ಬಂದಿತ್ತು. ಗರಾಜಿಲ್ಲ, ಮನೆಯೆದುರು ಸ್ವಂತ ಕಾರು ನಿಲ್ಲಿಸುವ ಡ್ರೈವ್‌ವೇ ಇಲ್ಲ. ಗ್ಯಾಲನ್ ಹಾಲು ತಂದರೆ ಎರಡು ಮೆಟ್ಟಿಲುಸಾಲು ಹತ್ತಿಸಬೇಕು. ಎರಡು ಕಾರುಗಳ ಮಧ್ಯೆ ನನ್ನದನ್ನು ತೂರಿಸಿ ನಿಲ್ಲಿಸುವಷ್ಟರಲ್ಲಿ ಹಿಂದಿನವರೆಲ್ಲ ಹಾರ್ನ್ ಹೊಡೆದು ಮರ್ಯಾದೆ ತೆಗೆಯುತ್ತಿದ್ದರು. ಅಂಥ ಒಂದು ಸಂಜೆ ಕೆಳಗಿನ ಕಿಟಕಿ ತೆರೆದುಕೊಂಡಿತು. "ಸ್ಟೇರಿಂಗ್ ಪೂರಾ ತಿರುವು, ಹೆದರಬ್ಯಾಡ, ಬಾ ಬಾ ಬಾ... ಹಾಂ, ಸಾಕು!" ಗದಗಿನ ಕಡೆಯ ಕನ್ನಡ. ನಾನು ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕುಬಿಟ್ಟೆ. ಪರಿಚಯವಾಗಿ ಕೇಳಿದರೆ, ಅವರೂ ಫಾರ್ಮಿಂಗ್ಟನ್ ಹಿಲ್ಸ್‌ನಿಂದಲೇ ಬಂದವರು, ನಮ್ಮ ಹಳೆಯ ಮನೆಯಿಂದ ಮೂರು ಮೈಲಿ ಕೂಡ ದೂರವಿರಲಿಲ್ಲ. ಅಷ್ಟು ವರ್ಷ ಅಲ್ಲಿದ್ದೂ ಒಮ್ಮೆಯೂ ಎದುರಾಗಿರಲಿಲ್ಲ.

ಕಾರು ಓಡಿಸುವುದನ್ನು ಬಿಟ್ಟ ಕಥೆಯನ್ನು ಅವರು ಒಮ್ಮೆ ಮಾತ್ರ ಹೇಳಿದರು. ಹೆಂಡತಿ ತೀರಿಕೊಂಡ ಮರುವರ್ಷ, ಗರಾಜಿನಿಂದ ಕಾರು ಹಿಂದಕ್ಕೆ ತೆಗೆಯುವಾಗ ಪಕ್ಕದ ಮನೆಯ ಮಗು ಸೈಕಲ್ಲಿನಲ್ಲಿ ಅಡ್ಡ ಬಂತಂತೆ. ಇವರಿಗೆ ಕಾಣಿಸಿದ್ದು ಕೊನೆಯ ಗಳಿಗೆಯಲ್ಲಿ. ಬ್ರೇಕ್ ಒತ್ತಿದರು, ಮಗು ನಗುತ್ತ ಹೋಯಿತು. ಇವರು ಒಳಗೆ ಬಂದು ಕೀಲಿಯನ್ನು ಮೊಳೆಗೆ ಹಾಕಿದವರು ಮತ್ತೆ ಮುಟ್ಟಲಿಲ್ಲ.

"ಏನೂ ಆಗ್ಲಿಲ್ವಲ್ಲ ಅಂಕಲ್, ಅಷ್ಟಕ್ಕೇ ಯಾಕೆ ಬಿಟ್ರಿ?" ಅಂದೆ.

"ಆಗಲಿಲ್ಲಂತನ ಬಿಟ್ಟೆ. ಆದಮ್ಯಾಲೆ ಬಿಟ್ಟರ ಏನ್ ಬಂತು?"

ಆದರೆ ಬಸ್ಸಿಲ್ಲದ ಆ ಊರಲ್ಲಿ ಕಾರು ಬಿಡುವುದೆಂದರೆ ಕಾಲು ಬಿಟ್ಟ ಹಾಗೆ. ಹಾಲಿಗೆ, ಡಾಕ್ಟರಿಗೆ, ದೇವಸ್ಥಾನಕ್ಕೆ, ಯುಗಾದಿ ಊಟಕ್ಕೆ, ಎಲ್ಲದಕ್ಕೂ ನಿಮ್ಮ ಕಾರಿನಲ್ಲಿ ಕರೆದುಕೊಂಡು ಹೋಗಿ ಎಂದು ಇನ್ನೊಬ್ಬರ ಹತ್ತಿರ ರೈಡ್ ಕೇಳಬೇಕು. ಮಗ ವಿನಯ್ ಇರುವುದು ಅಲ್ಲೇ ಹತ್ತಿರದ ನಾರ್ತ್‌ವಿಲ್‌ನಲ್ಲಿ. ಅವನ ಹತ್ತಿರವೂ ಕೇಳಿಯೇ ಹೋಗಬೇಕು. ಯಾರೂ ಆಗುವುದಿಲ್ಲ ಅಂದವರಲ್ಲ. ಇವರಿಗೇ ಅದು ನುಂಗಲಾರದ ತುತ್ತಾಯಿತು. "ಆರಕ್ಕ ಬರತೀನಂದಿರತಾರ. ನಾ ಐದಕ್ಕನ ಕೋಟ್ ಹಾಕ್ಕೊಂಡು, ಬೂಟ್ ಹಾಕ್ಕೊಂಡು ಬಾಗಲದಾಗ ಕುಂತಿರತಿದ್ದೆ. ತಡಾ ಆದ್ರ ಫೋನ್ ಮಾಡಾಕೂ ಸಂಕೋಚ. ಊಟಾ ಆತು, ಮಾತಾಡಿದ್ದಾತು, ನನಗ ನಿದ್ದಿ ಬಂದೈತಿ. ಏಳಂಗಿಲ್ಲ! ಅವರು ಎದ್ದಾಗ ನಾನೂ ಏಳಬೇಕು. ಸಣ್ಣ ಹುಡುಗನ್ನ ಕರಕೊಂಡು ಹೋಗಿ ಕರಕೊಂಡು ಬಂದಂಗ." ಆ ಮಾತು ಹೇಳುವಾಗ ಅವರ ದನಿ ಬೇರೆಯಾಗಿತ್ತು. ಮನೆ ಮಾರಿ, ಬಸ್ಸು ಓಡಾಡುವ ಊರನ್ನು ಹುಡುಕಿಕೊಂಡು ಎಪ್ಪತ್ತು ದಾಟಿದ ಮೇಲೆ ಒಬ್ಬರೇ ಷಿಕಾಗೋಗೆ ಬಂದರು. ಇನ್ನು ಮುಂದೆ ಯಾರ ಹತ್ತಿರವೂ ರೈಡ್ ಕೇಳುವುದಿಲ್ಲ ಎನ್ನುವುದೊಂದೇ ಅವರ ಹಟ.

ಬಂದ ಮೇಲೆ ಪುಟ್ಟ ಹುಡುಗನ ಹಾಗೆ ಊರು ನೋಡಿದರು. ಸಂಜೆ ನಾನು ಫಾರ್ಮಸಿಯ ಕೆಲಸ ಮುಗಿಸಿ ಬಂದರೆ, "ಇವತ್ತ ಏನ್ ಕಂಡುಹಿಡದೆ ಗೊತ್ತೇನು?" ಎಂದು ಬಾಗಿಲಲ್ಲೇ ನಿಂತಿರುತ್ತಿದ್ದರು. ವಯಸ್ಸಾದವರು ಹತ್ತುವಾಗ ಬಸ್ಸು ಉಸ್ ಎಂದು ಫುಟ್‌ಪಾತಿನ ಕಡೆ ಬಗ್ಗುತ್ತದೆ ಎನ್ನುವುದು ಅವರ ದೊಡ್ಡ ಸಂಶೋಧನೆ. "ನನ್ನ ಸಲುವಾಗಿ ಅಷ್ಟ ದೊಡ್ಡ ಬಸ್ಸು ಬಗ್ಗತೈತಿ, ಆನಿ ಬಗ್ಗಿದಂಗ! ನಮ್ಮ ಕಂಪನ್ಯಾಗ ನಾವು ಯಾವ ಕಾರಿಗೂ ಇದನ್ನ ಕಲಿಸಲಿಲ್ಲ ನೋಡು." ಇನ್ನೊಂದು ದಿನ, ಬಸ್ಸಿನಲ್ಲಿ ನಿತ್ಯ ಹೆಣಿಗೆ ಹಾಕುವ ಹೆಂಗಸು ಇಷ್ಟು ದಿನ ಹೆಣೆದದ್ದು ಕಾಲುಚೀಲವಲ್ಲ, ತನ್ನ ನಾಯಿಗೆ ಸ್ವೆಟರ್ ಎಂದು ಗೊತ್ತಾಗಿ ಬಂದಿದ್ದರು. ಅದನ್ನು ನನಗೆ ಎರಡು ಸಲ ಹೇಳಿ ಎರಡು ಸಲವೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ, "ಅಷ್ಟು ವರ್ಷ ಅಲ್ಲಿದ್ದೆ. ನನ್ನ ಬಾಜೂಕ ನಮ್ಮಾಕಿ ಬಿಟ್ಟರ ಮತ್ತೊಬ್ಬರು ಕುಂತಿದ್ದಿಲ್ಲ, ತಂಗಿ. ಇಲ್ಲೆ ದಿನಾ ಯಾರರ ಬಂದು ಕುಂದ್ರತಾರ," ಅಂದರು.

ನಾನು ಮಾತ್ರ ಊರಿಗೆ ಹೊಂದಿಕೊಳ್ಳದೆ ಗೊಣಗುತ್ತಲೇ ಇದ್ದೆ. ಮೊದಲ ದೊಡ್ಡ ಹಿಮ ಬಿದ್ದ ಮರುದಿನ ಪಾರ್ಕಿಂಗಿಗಾಗಿ ಸುತ್ತಿ ಸುತ್ತಿ ಸಾಕಾಗಿತ್ತು. ಕೊನೆಗೆ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಚೊಕ್ಕವಾಗಿ ಹಿಮ ತೆಗೆದ ಜಾಗ ಕಂಡಿತು. ಮಧ್ಯದಲ್ಲಿ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ರಸ್ತೆಯ ಪಕ್ಕ ಹಳೆಯ ಕುರ್ಚಿ ಕಂಡರೆ ಅದು ಕಸದ ಗಾಡಿಗೆ ಇಟ್ಟದ್ದೇ. ನಾನು ಇಳಿದು, ನಾಗರಿಕಳಂತೆ ಆ ಕುರ್ಚಿಯನ್ನು ಕಸದ ಡಬ್ಬಿಗಳ ಪಕ್ಕ ಇಟ್ಟು, ದೇವರು ದೊಡ್ಡವನು ಎಂದುಕೊಂಡು ಕಾರು ನಿಲ್ಲಿಸಿದೆ. ಅಷ್ಟರಲ್ಲಿ ಗುರುಪಾದ ಅಂಕಲ್ ಮನೆಯ ಚಪ್ಪಲಿಯಲ್ಲೇ ಹಿಮದೊಳಗೆ ಓಡಿ ಬಂದರು.

"ತಗಿ, ತಗಿ! ಮೊದಲ ಕಾರ್ ತಗಿ! ಆ ಕುರ್ಚಿ ಎಲ್ಲಿ ಒಗದಿ?"

"ಅಲ್ಲಿ, ಗಾರ್ಬೇಜ್ ಹತ್ರ ಇಟ್ಟೆ. ಯಾರೋ ಬಿಸಾಕಿದ್ರು ಅಂಕಲ್."

"ಬಿಸಾಕಿಲ್ಲ ನನ್ನವ್ವಾ! ಆ ಮನಿ ಮನಷ್ಯಾ ಮುಂಜಾನೆದ್ದು ಬೆನ್ನು ಮುರಕೊಂಡು ಹಿಮಾ ಎತ್ಯಾನ. ಕೆಲಸಕ್ಕ ಹೋಗಿ ಬರೂತನಾ ಜಾಗಾ ನಂದು ಅಂತ ಕುರ್ಚಿ ಇಟ್ಟಾನ. ಡಿಬ್ಸ್ ಅಂತಾರ ಇದಕ್ಕ. ಇಲ್ಲೀ ಪದ್ಧತಿ."

ನನಗೆ ಮೈಯೆಲ್ಲ ಉರಿಯಿತು. "ರಸ್ತೆ ಏನು ಅವರಪ್ಪಂದಾ? ಯಾವ ಕಾನೂನಲ್ಲಿದೆ ಇದು?"

"ಅಪ್ಪಂದಲ್ಲ, ಖರೆ. ಕಾನೂನಿನಾಗೂ ಇಲ್ಲ. ಆದ್ರ ಕುರ್ಚಿ ಐತಿ ಅಂದ್ರ ಅಲ್ಲೊಬ್ಬ ಮನಷ್ಯಾ ಕುಂತಾನಂತ ತಿಳೀಬೇಕು. ಬಸ್ಸಿನಾಗ ಕುಂತಾಂವನ್ನ ಎಬ್ಬಿಸಿ ನೀ ಕುಂದ್ರತೀಯೇನು?"

ಸಿಡಿಮಿಡಿ ಮಾಡುತ್ತಲೇ ಕಾರು ತೆಗೆದೆ. ಅಂಕಲ್ ಆ ಮುರುಕು ಕುರ್ಚಿಯನ್ನು ತಂದು, ಮೇಲಿನ ಹಿಮ ಒರೆಸಿ, ಇದ್ದ ಜಾಗದಲ್ಲೇ ಇಟ್ಟರು. ಅಂದು ನಾನು ಅರ್ಧ ಮೈಲಿ ಆಚೆ ಕಾರು ಬಿಟ್ಟು, ಅವರನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ನಡೆದು ಬಂದೆ.

ಮುಂದಿನ ಹಿಮಕ್ಕೆ ಸಂಜೆ ಬಂದು ನೋಡುತ್ತೇನೆ, ನಮ್ಮ ಕಟ್ಟಡದ ಎದುರೇ ಒಂದು ಕಾರಿನಷ್ಟು ಜಾಗ ಗುಡಿಸಿದ ಅಂಗಳದ ಹಾಗೆ ಸ್ವಚ್ಛವಾಗಿದೆ. ನಡುವೆ ಅಂಕಲ್ ಮನೆಯ ಊಟದ ಮೇಜಿನ ಕುರ್ಚಿ. ಅದರ ಮೆತ್ತೆಯ ಹೊದಿಕೆಯನ್ನು ಅವರ ಹೆಂಡತಿ ಇಳಕಲ್ ಸೀರೆಯ ಸೆರಗಿನಿಂದ ಹೊಲಿದಿದ್ದರು. ಆ ಕುರ್ಚಿಯಲ್ಲಿ ಅಂಕಲ್ ಯಾರನ್ನೂ ಕೂರಿಸಿದ್ದನ್ನು ನಾನು ಕಂಡಿರಲಿಲ್ಲ. ಅದನ್ನು ತಂದು ನಡುಬೀದಿಯಲ್ಲಿ ನನಗಾಗಿ ಇಟ್ಟಿದ್ದರು. ಅವರು ಹೊರಗೆ ಬಂದದ್ದೇ ನನಗೆ ಸಿಟ್ಟು ಬಂತು.

"ಈ ವಯಸ್ಸಲ್ಲಿ ಹಿಮ ಎತ್ತೋದಾ? ನಿಮಗೇನಾದ್ರೂ ಆದ್ರೆ ವಿನಯ್‌ಗೆ ನಾನು ಏನ್ ಹೇಳ್ಲಿ?"

"ಕಾರಿಲ್ಲದಾಂವಗೂ ಈ ಓಣ್ಯಾಗ ಒಂದು ಕೆಲಸಾ ಬೇಕಲ್ಲವಾ," ಅಂದು ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಎಷ್ಟು ಬೇಡವೆಂದರೂ ಆ ಚಳಿಗಾಲ ಪೂರ್ತಿ ಅದನ್ನು ನಡೆಸಿದರು.

ಮರುವರ್ಷ ಶರತ್ಕಾಲದಲ್ಲಿ ಅವರಿಗೆ ಏದುಸಿರು ಶುರುವಾಯಿತು. ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಮಧ್ಯೆ ಎಲ್ಲಾದರೂ ಕೂರುತ್ತಿದ್ದರು. ಒಂದು ಬೆಳಿಗ್ಗೆ ಸ್ಟಾಪಿನ ಕಂಬ ಹಿಡಿದು ನಿಂತದ್ದನ್ನು ಕಂಡು ಕಾರು ನಿಲ್ಲಿಸಿ, ಕಿಟಕಿ ಇಳಿಸಿ, "ಬನ್ನಿ ಅಂಕಲ್, ಡ್ರಾಪ್ ಮಾಡ್ತೀನಿ," ಅಂದೆ. ಅವರು ನನ್ನ ಪರಿಚಯವೇ ಇಲ್ಲದವರಂತೆ ಆಕಾಶ ನೋಡುತ್ತ ನಿಂತರು! ನನ್ನ ಹಿಂದೆ ಬಸ್ಸು ಬಂದು ಹಾರ್ನ್ ಹೊಡೆಯಿತು. ನಾನು ಪೆಚ್ಚಾಗಿ ಮುಂದೆ ಹೋದೆ. ಕನ್ನಡಿಯಲ್ಲಿ ನೋಡಿದರೆ ಬಸ್ಸು ಬಗ್ಗಿತ್ತು, ಅವರು ಹತ್ತುತ್ತಿದ್ದರು.

ನವೆಂಬರ್ ಹೊತ್ತಿಗೆ ಡಾಕ್ಟರು, ಹೃದಯ ಸೋತಿದೆ, ಒಬ್ಬರೇ ಇರುವ ಹಾಗಿಲ್ಲ ಎಂದರು. ಬಂದು ಕರೆದುಕೊಂಡು ಹೋಗುತ್ತೇನೆಂದು ವಿನಯ್ ದಿನವೂ ಫೋನ್ ಮಾಡುತ್ತಿದ್ದ. ಇವರು ಒಪ್ಪಲಿಲ್ಲ. ಒಂದು ಶನಿವಾರ ಬೆಳಿಗ್ಗೆ ನನ್ನನ್ನು ಕೆಳಗೆ ಕರೆದರು. ಹೋದರೆ, ಕೋಟು ಹಾಕಿಕೊಂಡು, ಬೂಟು ಹಾಕಿಕೊಂಡು, ಬಾಗಿಲ ಹತ್ತಿರ ಇಳಕಲ್ ಮೆತ್ತೆಯ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಎರಡು ಸೂಟ್‌ಕೇಸು.

"ತಂಗಿ, ಒಂದು ರೈಡ್ ಬೇಕಾಗಿತ್ತು."

ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ಎಲ್ಲಿಗೆ ಅಂಕಲ್?" ಅಂದೆ, ಗೊತ್ತಿದ್ದೂ.

"ನಾರ್ತ್‌ವಿಲ್‌ಗೆ. ವಿನಯ್‌ಗ ಬರಬ್ಯಾಡಂತ ಹೇಳೀನಿ. ಮಗಾ ಬಂದು ಒಯ್ದಾ ಅಂತ ಆಗಬಾರ್ದು. ನಾನ ಹೊಂಟೀನಿ."

ಕುರ್ಚಿಯನ್ನು ಡಿಕ್ಕಿಯಲ್ಲಿ ಇಡಲು ಹೋದರೆ ತಡೆದರು. "ಅಲ್ಲಿ ಡ್ರೈವ್‌ವೇ ಐತಿ. ಕುರ್ಚಿ ಏನ್ ಮಾಡ್ಲಿ? ನಿನಗ ಬೇಕಾಗತೈತಿ."

ಕುರ್ಚಿಯನ್ನು ಅಲ್ಲೇ ಬಿಟ್ಟು ಹೊರಟೆವು. ಮಿಷಿಗನ್ ಗಡಿ ದಾಟಿದ ಮೇಲೆ, ಅಕ್ಕಪಕ್ಕ ಹೋಗುವ ಕಾರುಗಳನ್ನು ನೋಡುತ್ತ, "ಎಲ್ಲಾ ಕಾರಿನಾಗೂ ಒಬ್ಬೊಬ್ಬರ ಅದಾರ ನೋಡು," ಅಂದರು. ಹೆದ್ದಾರಿ ಬಿಟ್ಟು ವಿನಯ್ ಮನೆಯ ಬಡಾವಣೆಯೊಳಗೆ ಹೋದಾಗ ಹುಲ್ಲು, ಮೇಪಲ್ ಮರ, ಮುಚ್ಚಿದ ಗರಾಜುಗಳು. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ವಿನಯ್ ಓಡಿ ಬಂದು ಅಪ್ಪನನ್ನು ತಬ್ಬಿಕೊಂಡ. ಒಳ್ಳೆಯ ಹುಡುಗ, ಕೆಳಗಿನ ಕೋಣೆಯನ್ನು ಅಪ್ಪನಿಗಾಗಿ ಹೊಸದಾಗಿ ಸಿದ್ಧ ಮಾಡಿಸಿದ್ದ. ಅವನ ಹೆಂಡತಿ ಊಟ ಹಾಕಿದಳು. ಅಂಕಲ್ ಎಲ್ಲವನ್ನೂ ಚೆನ್ನಾಗಿದೆ ಅಂದರು.

ನಾನು ಹೊರಟಾಗ ವಿನಯ್ ಹೆಂಡತಿ ಕೊಟ್ಟ ಚಪಾತಿ ಡಬ್ಬಿಯನ್ನು ಅಂಕಲ್ ತಾವೇ ಹಿಡಿದುಕೊಂಡು ಡ್ರೈವ್‌ವೇವರೆಗೆ ಬಂದರು. ನಾನು ಕಾರು ಶುರು ಮಾಡಿದೆ. ಅವರು ದಾರಿಯುದ್ದಕ್ಕೂ ತಾವು ಕೂತಿದ್ದ ಸೀಟಿನ ಮೇಲೆ ಡಬ್ಬಿ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಬಾಗಿಲು ಹಾಕಿದರು. ಡ್ಯಾಶ್‌ಬೋರ್ಡಿನ ಮೇಲೆ ಕೆಂಪು ದೀಪ ಹತ್ತಿಕೊಂಡು ಟಿಣ್ ಟಿಣ್ ಅನ್ನತೊಡಗಿತು. ಅರ್ಧ ಬಿದ್ದಿತ್ತು.

ಅವರ ತಲೆ ಎಂದಿನಂತೆ ಒಂದಿಷ್ಟು ವಾಲಿತು. "ಬಿತ್ತೋ ಇಲ್ಲೋ?" ಅಂದರು ಗಾಜಿನಾಚೆಯಿಂದ.

"ಬಿತ್ತು ಅಂಕಲ್," ಅಂದೆ.

ಅವರು ನಕ್ಕು ಕೈ ಎತ್ತಿದರು. ಆ ಚಳಿಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಅಂದು ಟಿಣ್ ಟಿಣ್ ಅನ್ನುತ್ತಿದ್ದ ಕಾರನ್ನು ಮೆಲ್ಲಗೆ ನಡೆಸಿಕೊಂಡು, ತಿರುವು ದಾಟಿ, ಅವರಿಗೆ ಕೇಳಿಸದಷ್ಟು ದೂರ ಬಂದ ಮೇಲೆ ನಿಲ್ಲಿಸಿದೆ. ಇಳಿದು ಸುತ್ತಿ ಹೋಗಿ, ಆ ಬಾಗಿಲನ್ನು ತೆಗೆದು ಸರಿಯಾಗಿ ಹಾಕಿದೆ.