ಅಕ್ಕನ ಹಳದಿ ಹಿಟ್ಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ದಿನ ಇಟಲಿ ದೇಶದ ಅಡುಗೆ ಮಾಡಿದ್ದರು ಅಂದರೆ ನೀವು ನಗುತ್ತೀರಿ. ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ದಾರಿಯ ಒಂದು ಹಳ್ಳಿ ನಮ್ಮದು. ಬಸ್ಸಾರು, ಹುರುಳಿ ಸಾರು, ರಾಗಿ ಹಿಟ್ಟು, ಇಷ್ಟೇ ನಮಗೆ ಗೊತ್ತಿದ್ದ ಊಟ. ನೀವು ಮುದ್ದೆ ಅನ್ನುತ್ತೀರಲ್ಲ, ಅದನ್ನೇ ನಾವು ಹಿಟ್ಟು ಅನ್ನುತ್ತಿದ್ದೆವು. ಆದರೂ ಮಾಡಿದ್ದು ನಿಜ. ಮಾಡಿದವಳು ನನ್ನ ಅಕ್ಕ. ಕೆಡಿಸಿದವನು ನಾನು.

ಊರಾಚೆ ರಸ್ತೆ ಪಕ್ಕದಲ್ಲಿ ಒಂದು ಸಣ್ಣ ಆಸ್ಪತ್ರೆ ಇತ್ತು. ಇಟಲಿಯಿಂದ ಬಂದಿದ್ದ ಒಬ್ಬ ಕ್ರೈಸ್ತ ಸನ್ಯಾಸಿನಿ ಅಲ್ಲಿ ಔಷಧಿ ಕೊಡುತ್ತಿದ್ದರು. ಊರವರೆಲ್ಲ ಅವರನ್ನು ಸಿಸ್ಟರಮ್ಮ ಎಂದು ಕರೆಯುತ್ತಿದ್ದರು. ಒಂದು ದಿನ ಅವ್ವನ ಕಾಲಿನ ಹುಣ್ಣಿಗೆ ಕಟ್ಟು ಕಟ್ಟಲು ಮನೆಗೆ ಬಂದವರು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಅಕ್ಕ ಕೋಲು ಹಿಡಿದು ಹಿಟ್ಟು ತಿರುವುತ್ತಿದ್ದಳು. “ನನ್ನ ತಾಯಿ ಕೂಡ ಹೀಗೇ ಮಾಡುತ್ತಿದ್ದಳು” ಎಂದು ಸಿಸ್ಟರಮ್ಮ ಕಣ್ಣು ಒರೆಸಿಕೊಂಡರು. ಅವರದೂ ಬೇಸಾಯದ ಮನೆಯಂತೆ. ಅವರು ತಿರುವುತ್ತಿದ್ದದ್ದು ರಾಗಿಯದಲ್ಲ, ಮುಸುಕಿನ ಜೋಳದ ಹಿಟ್ಟು. ಅದರ ಹೆಸರು ಪೊಲೆಂತಾ. ಜೊತೆಗೆ ಮೆಣಸಿನಕಾಯಿಯೇ ಇಲ್ಲದ, ಟೊಮೇಟೊ ಹಣ್ಣಿನಲ್ಲಿ ಬೇಯಿಸಿದ ಕೋಳಿ.

ಅಂದಿನಿಂದ ಸಿಸ್ಟರಮ್ಮ ಅಕ್ಕನಿಗೆ ಆ ಅಡುಗೆ ಹೇಳಿಕೊಡತೊಡಗಿದರು. ನನ್ನ ಹೊಟ್ಟೆಯುರಿ ಶುರುವಾದದ್ದೂ ಅಂದೇ. ಅಪ್ಪ ಯಾರನ್ನೂ ಹೊಗಳಿದವನಲ್ಲ. ಅಂಥವನು ಮಳವಳ್ಳಿ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆ, “ನನ್ ಮಗಳು ಪಾರಿನ್ನೋರ್ ಅಡುಗೆ ಕಲ್ತವ್ಳೆ ಕಣಯ್ಯ” ಎನ್ನುತ್ತಿದ್ದ. ನಾನು ಪಕ್ಕದಲ್ಲೇ ಚೀಲ ಹೊತ್ತು ನಿಂತಿರುತ್ತಿದ್ದೆ. ಜೋಳ ಬಿಡಿಸಿದವನು ನಾನು. ಬೀಸುವ ಕಲ್ಲಿನ ಗೂಟಕ್ಕೆ ಅಕ್ಕನ ಜೊತೆ ಕೈ ಕೊಟ್ಟವನು ನಾನು. ಸೌದೆ ಸೀಳಿದವನೂ ನಾನೇ. ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಾಲ್ಕನೇ ಕ್ಲಾಸಿಗೆ ನನ್ನನ್ನು ಸ್ಕೂಲು ಬಿಡಿಸಿ ಎಮ್ಮೆ ಹಿಂದೆ ಕಳಿಸಿದ್ದರು. ಅಕ್ಕ ಏಳನೆಯದರವರೆಗೆ ಓದಿದ್ದಳು. ಅದೂ ಒಳಗೆ ಕುಟುಕುತ್ತಿತ್ತು.

ಆಗ ಇನ್ನೊಂದು ಸುದ್ದಿ ಬಂತು. ಮೈಸೂರಿನಿಂದ ಸಿಸ್ಟರಮ್ಮನಿಗಿಂತ ಮೇಲಿನ ಹಿರಿಯ ಸನ್ಯಾಸಿನಿಯೊಬ್ಬರು ಬರುವವರಿದ್ದರು. ಅವರೂ ಇಟಲಿಯವರೇ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲೇ ಅಕ್ಕನ ಕೈಯಡುಗೆ ಉಣ್ಣುವುದು, ಮೆಚ್ಚಿದರೆ ಅವಳನ್ನು ಮೈಸೂರಿನ ತಮ್ಮ ಹಾಸ್ಟೆಲಿಗೆ ಕರೆದುಕೊಂಡು ಹೋಗುವುದು ಎಂದು ಮಾತಾಯಿತು. ಅಲ್ಲಿ ಅರ್ಧ ದಿನ ಅಡುಗೆಮನೆ ಕೆಲಸ, ಅರ್ಧ ದಿನ ಓದು. ಅಪ್ಪ ಒಪ್ಪಿದ್ದೇ ದೊಡ್ಡದು. ಅಕ್ಕ ತನ್ನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ದೂಳು ಕೊಡವಿದಳು.

ಆ ಭಾನುವಾರದ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಟೊಮೇಟೊ ಹಣ್ಣು ಬೆಣ್ಣೆಯಲ್ಲಿ ಕರಗಿ ಹುಳಿಸಿಹಿ ಪರಿಮಳ ಎದ್ದಿತ್ತು. ಹೆಣ್ಣುಮಕ್ಕಳು ಹೂವಿನ ಜೊತೆ ಮುಡಿಯುವ ಕಾಮಕಸ್ತೂರಿ ಎಲೆಯನ್ನು ಅಕ್ಕ ಹರಿದು ಕೋಳಿಯ ಮೇಲೆ ಹಾಕಿದಳು. ಆಮೇಲೆ ದೊಡ್ಡ ಮಡಕೆಯಲ್ಲಿ ನೀರು ಕುದಿಯಲು ಇಟ್ಟಳು.

ಇಲ್ಲಿ ಒಂದು ವಿಷಯ ನಿಮಗೆ ತಿಳಿದಿರಬೇಕು. ರಾಗಿ ಹಿಟ್ಟು ಮಾಡುವಾಗ ಕುದಿಯುವ ನೀರಿಗೆ ಹಿಟ್ಟನ್ನು ಒಂದೇ ಸಲ ಗುಡ್ಡೆಯಾಗಿ ಸುರಿಯುತ್ತೇವೆ. ನಡುವೆ ಕೋಲು ಚುಚ್ಚಿ ಸುಮ್ಮನೆ ಬೇಯಲು ಬಿಡುತ್ತೇವೆ. ತಿರುವುವುದು ಕೊನೆಗೆ. ಸಿಸ್ಟರಮ್ಮನ ಜೋಳದ ಹಿಟ್ಟು ಹಾಗಲ್ಲ. ಒಂದೊಂದೇ ಹಿಡಿ ಮಳೆಹನಿಯ ಹಾಗೆ ಉದುರಿಸಬೇಕು. ಸುಮಾರು ಒಂದು ಗಂಟೆ ಕೈ ನಿಲ್ಲಿಸದೆ ತಿರುವುತ್ತಿರಬೇಕು.

ಅಕ್ಕ ಕಾಲು ಭಾಗ ಹಿಟ್ಟು ಹಾಕಿದ್ದಳಷ್ಟೇ. ರಸ್ತೆಯಲ್ಲಿ ಜೀಪಿನ ಸದ್ದಾಯಿತು. “ಅಯ್ಯೋ ಬಂದೇ ಬುಟ್ರು! ಮೊಕ ತೊಳ್ಕೊಂಡು ಬ್ಯಾರೆ ಲಂಗ ಆಕ್ಕೊಳಮ್ಮಿ, ಮಸಿ ಮೆತ್ಕೊಂಡಿದ್ದೀಯ” ಎಂದು ಅವ್ವ ಕೂಗಿದಳು. ಅಕ್ಕ ಕೋಲನ್ನು ನನ್ನ ಕೈಗೆ ಕೊಟ್ಟಳು.

“ಕೈ ನಿಲ್ಲಿಸ್ಬ್ಯಾಡ ಕಣ್ಲಾ. ಒಂದೊಂದೇ ಇಡಿ ಉದುರ್ಸು. ಈಗ್ಲೇ ಬತ್ತೀನಿ.”

“ಊಂ, ಓಗು ಓಗು ಮಾರಾಣಿ” ಎಂದೆ.

ಹೊರಗೆ ಅಪ್ಪನ ದನಿ ಕೇಳುತ್ತಿತ್ತು. ಮಗಳು, ಮಗಳು, ಮಗಳು. ನನಗೆ ಏನಾಯಿತೋ. ಮೊರದಲ್ಲಿದ್ದ ಹಿಟ್ಟನ್ನೆಲ್ಲ ಒಂದೇ ಸಲ ಸುರಿದೆ. ನಡುವೆ ಕೋಲು ಚುಚ್ಚಿದೆ. ಒಲೆಗೆ ಇನ್ನೆರಡು ಸೌದೆ ತುರುಕಿ ಕೈಕಟ್ಟಿ ಕೂತೆ. ಯಾರಾದರೂ ಕೇಳಿದರೆ, ನಮ್ಮ ಹಿಟ್ಟು ಮಾಡುವುದು ಹೀಗೆ ತಾನೆ ಎಂದುಬಿಟ್ಟರಾಯಿತು ಎಂದು ಉತ್ತರವನ್ನೂ ಹೊಂದಿಸಿಕೊಂಡಿದ್ದೆ.

ಅಕ್ಕ ಬರುವಷ್ಟರಲ್ಲಿ ತಳ ಹತ್ತಿತ್ತು. ಅವಳು ಕೋಲು ಕಿತ್ತುಕೊಂಡು ತೋಳು ಸೋಲುವವರೆಗೆ ತಿರುವಿದಳು. ಗಂಟು ಒಡೆಯಲಿಲ್ಲ. ಚಿನ್ನದ ನೀರಿನ ಹಾಗೆ ಮಣೆಯ ಮೇಲೆ ಹರಡಬೇಕಾಗಿದ್ದ ಪೊಲೆಂತಾ ಹೆಂಟೆಹೆಂಟೆಯಾಗಿ ಬಿತ್ತು. ಒಡೆದರೆ ಒಳಗೆ ಹಸಿ ಹಿಟ್ಟು. ಹಿರಿಯ ಸಿಸ್ಟರು ಎರಡು ತುತ್ತು ತಿಂದು ತಟ್ಟೆಯನ್ನು ಮೆಲ್ಲಗೆ ಸರಿಸಿದರು. ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ನಮ್ಮ ಸಿಸ್ಟರಮ್ಮ ತಲೆ ತಗ್ಗಿಸಿದರು.

ಜೀಪು ಹೋದ ಮೇಲೆ ಅಪ್ಪ ಕೇಳಿದ. “ನಡುವೆ ಕೈ ಬುಟ್ಟ್ಯೇನಮ್ಮಿ?”

“ಊಂ ಕಣಪ್ಪ, ನಾನೇ ಬುಟ್ಟೆ” ಎಂದಳು ಅಕ್ಕ. ಹಿತ್ತಲಿಗೆ ಬಂದು ನನ್ನ ಕೈ ಹಿಡಿದು ನೋಡಿದಳು. “ಕೈ ನೋಯ್ತೇನ್ಲಾ? ನಿನಗ್ ಕೊಟ್ಟು ಓಗಿದ್ದೇ ತಪ್ಪು.”

ನಾನು ಕೈ ನೋಯಿತೆಂದೇ ತಲೆಯಾಡಿಸಿದೆ.

ಮುಂದಿನ ತಿಂಗಳು ಬೇರೆ ಊರಿನ ಹುಡುಗಿಯೊಬ್ಬಳು ಮೈಸೂರಿಗೆ ಹೋದಳು. ಮರುವರ್ಷ ಅಕ್ಕನನ್ನು ಬೆಸಗರಹಳ್ಳಿಗೆ ಮದುವೆ ಮಾಡಿ ಕಳಿಸಿದರು. ಅಪ್ಪ ಆಮೇಲೂ ನನ್ನನ್ನು ಹೊಗಳಲಿಲ್ಲ. ಹೊಗಳಿದ್ದರೂ ಅದು ನನ್ನ ಮೈಗೆ ಹತ್ತುತ್ತಿರಲಿಲ್ಲ.

ಹೋದ ವರ್ಷ ಬೆಸಗರಹಳ್ಳಿಗೆ ಹೋಗಿ ಅಕ್ಕನ ಎದುರು ಕೂತು ಎಲ್ಲ ಹೇಳಿದೆ. ಬೇಕಂತಲೇ ಸುರಿದೆ ಎಂದೆ. ಅವಳು ಬಿಡಿಸುತ್ತಿದ್ದ ಅವರೆಕಾಯಿಯನ್ನು ಪೂರ್ತಿ ಬಿಡಿಸಿ ಮುಗಿಸಿದಳು. ಆಮೇಲೆ, “ಸಣ್ಣೋನು, ಸುರಿದೆ, ಅದಿರ್ಲಿ. ಅವತ್ತೇ ಯಾಕ್ಲಾ ಯೋಳ್ನಿಲ್ಲ? ನಂದೇ ತಪ್ಪು ಅಂತ ನಾನ್ ಸುಮ್ಕಾದೆ. ಸಾಯಂಕಾಲದ ಗಂಟ ಆ ದೊಡ್ ಸಿಸ್ಟರಮ್ಮ ಆಸ್ಪತ್ರೇಲೇ ಇದ್ರಲ್ಲ. ಓಗಿ ಕೇಳ್ಕೊಂಡು ಇನ್ನೊಂದ್ ಕಿತ ಮಾಡಿ ಬಡುಸ್ತಿದ್ದೆ” ಎಂದಳು. ಇನ್ನೊಂದು ಸಲ ಮಾಡಬಹುದಿತ್ತು ಎಂಬುದು ಅಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಅಂದು ನನಗೆ ಉಣ್ಣಲು ಬಡಿಸಿ ಒಳಗೆ ಹೋದಳು.

ಮಕ್ಕಳೇ, ಈಗ ನಿಮ್ಮ ಮನೆಯಲ್ಲಿ ಇಟಲಿ ಅಡುಗೆ ದೊಡ್ಡದಲ್ಲ. ಪೊಟ್ಟಣ ಒಡೆದು, ಗ್ಯಾಸ್ ಹಚ್ಚಿ, ಹತ್ತು ನಿಮಿಷದಲ್ಲಿ ಪಾಸ್ತಾ ಬೇಯಿಸಿಕೊಳ್ಳುತ್ತೀರಿ. ಬಡಿಸುವಾಗ ಜಗಳ ಬೇರೆ. “ನೀವು ಯಾವಾಗಲೂ ಅವಳನ್ನೇ ಹೊಗಳೋದು, ನನಗೆ ಹೊಟ್ಟೆಯುರಿಯುತ್ತೆ” ಎಂದು ಒಬ್ಬರು ಕೂಗಿದರೆ ಬೀದಿಗೆಲ್ಲ ಕೇಳುತ್ತದೆ. ನಿಮ್ಮಮ್ಮ ಗದರುತ್ತಾಳೆ. ನಾನು ಮಾತ್ರ ಗದರುವುದಿಲ್ಲ, ನೋಡಿದ್ದೀರಲ್ಲ? ನಮ್ಮ ಕಾಲದಲ್ಲಿ ಅಪ್ಪನ ಎದುರು ಹಾಗೆ ಕೂಗುವ ಧೈರ್ಯ ಯಾರಿಗೂ ಇರಲಿಲ್ಲ. ಆ ಭಾನುವಾರ ನಾನೊಬ್ಬ ಕೂಗಿದ್ದರೆ ಎರಡು ಏಟು ಬೀಳುತ್ತಿತ್ತು, ಅಷ್ಟೇ. ಅಕ್ಕ ಮೈಸೂರಿಗೆ ಹೋಗುತ್ತಿದ್ದಳು.